ನೆಟ್‌ವರ್ಕ್ ನಿಗಾ ತಂತ್ರಾಂಶದ ಸೆಟ್ಟಿಂಗ್‌ಗಳು ಎಲ್ಲಿರಬೇಕು: ಪಠ್ಯ ಕಡತದಲ್ಲೋ, ವೆಬ್ ಪರದೆಯ ಹಿಂದೆಯೋ?

ಶಿವಮೊಗ್ಗದಲ್ಲಿ ಕೇಂದ್ರ ಕಚೇರಿಯನ್ನೂ ತೀರ್ಥಹಳ್ಳಿ, ಆಗುಂಬೆ, ಸಾಗರ, ಹೊಸನಗರ, ನಗರ ಎಂಬ ಊರುಗಳಲ್ಲಿ ಶಾಖೆಗಳನ್ನೂ ಹೊಂದಿರುವ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘವನ್ನು ಉದಾಹರಣೆಗೆಂದು ಊಹಿಸಿಕೊಳ್ಳೋಣ. ಪ್ರತಿ ಶಾಖೆಯಲ್ಲಿ ಒಂದು ರೂಟರ್, ಒಂದು ಸ್ವಿಚ್, ಒಂದು ಯುಪಿಎಸ್, ನಾಲ್ಕಾರು ಕಂಪ್ಯೂಟರ್‌ಗಳಿವೆ. ಊರಿಂದೂರಿಗೆ ಫೈಬರ್ ಕೇಬಲ್ ರಸ್ತೆಬದಿಯ ಕಂಬಗಳ ಮೇಲೆ ಹಾದುಹೋಗಿದೆ. ಮಳೆ ಹಿಡಿದ ಮೇಲೆ ಮರ ಬಿದ್ದು ಕೇಬಲ್ ತುಂಡಾಗುವುದು, ಕರೆಂಟ್ ಹೋಗಿ ಗಂಟೆಗಟ್ಟಲೆ ಬಾರದೆ ಯುಪಿಎಸ್ ಬ್ಯಾಟರಿ ಖಾಲಿಯಾಗುವುದು, ರಸ್ತೆ ಅಗಲ ಮಾಡುವ ಜೆಸಿಬಿ ನೆಲದಡಿಯ ಕೇಬಲನ್ನು ಎಳೆದುಹಾಕುವುದು ಮಲೆನಾಡಿನಲ್ಲಿ ಹೊಸ ಸಂಗತಿಗಳಲ್ಲ. ಯಾವ ಶಾಖೆ ಸಂಪರ್ಕದಲ್ಲಿದೆ, ಯಾವುದು ತಪ್ಪಿದೆ, ತಪ್ಪಿದ್ದರೆ ದಾರಿಯಲ್ಲಿ ಎಲ್ಲಿ ತಪ್ಪಿದೆ ಎಂಬುದನ್ನು ಹಗಲೂ ರಾತ್ರಿಯೂ ನೋಡುತ್ತಿದ್ದು ಸಂಬಂಧಪಟ್ಟವರಿಗೆ ತಿಳಿಸುವುದು ನೆಟ್‌ವರ್ಕ್ ನಿಗಾ ತಂತ್ರಾಂಶದ ಕೆಲಸ.

ಈ ತಂತ್ರಾಂಶಕ್ಕೆ ತಾನಾಗಿ ಏನೂ ಗೊತ್ತಿರುವುದಿಲ್ಲ. ಯಾವ ಯಾವ ಉಪಕರಣಗಳಿವೆ, ಜಾಲದಲ್ಲಿ ಅವುಗಳನ್ನು ಗುರುತಿಸುವ ಐಪಿ ವಿಳಾಸವೇನು, ಎಷ್ಟು ನಿಮಿಷಕ್ಕೊಮ್ಮೆ ವಿಚಾರಿಸಬೇಕು, ಉತ್ತರ ಎಷ್ಟು ತಡವಾದರೆ ಎಚ್ಚರಿಕೆ, ಎಷ್ಟಾದರೆ ಅಪಾಯ, ನಡುರಾತ್ರಿ ಯಾರಿಗೆ ಎಸ್‌ಎಂಎಸ್ ಹೋಗಬೇಕು, ಭಾನುವಾರ ಯಾರಿಗೆ ಹೋಗಬಾರದು ಎಂಬುದನ್ನೆಲ್ಲ ನಾವೇ ಹೇಳಿಕೊಡಬೇಕು. ಹೀಗೆ ಹೇಳಿಕೊಟ್ಟದ್ದೆಲ್ಲ ಸೇರಿ ಕಾನ್ಫಿಗರೇಶನ್ ಆಗುತ್ತದೆ. ಹೇಳಿಕೊಡಲು ಎರಡು ದಾರಿಗಳಿವೆ. ಒಂದು, ನಿಗದಿತ ರೀತಿಯಲ್ಲಿ ಪಠ್ಯ ಕಡತಗಳಲ್ಲಿ ಬರೆದಿಡುವುದು. ಇನ್ನೊಂದು, ಬ್ರೌಸರ್‌ನಲ್ಲಿ ಕಾಣುವ ಫಾರಂಗಳನ್ನು ತುಂಬಿ ಗುಂಡಿ ಒತ್ತುವುದು. ಇವೆರಡರಲ್ಲಿ ಯಾವುದು ಮೇಲು ಎಂಬ ವಾದ ಹಳೆಯದು; ಅದು ಸಾಮಾನ್ಯವಾಗಿ ಕೀಲಿಮಣೆಯೋ ಮೌಸೋ, ಕಷ್ಟವೋ ಸುಲಭವೋ ಎಂಬಲ್ಲಿಗೇ ನಿಂತುಬಿಡುತ್ತದೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ ಎಂದು ನನ್ನ ಅಭಿಪ್ರಾಯ. ಸೆಟ್ಟಿಂಗ್‌ಗಳ ಮೂಲಪ್ರತಿ ಎಲ್ಲಿದೆ, ಮತ್ತು ಅದನ್ನು ಬರೆದವರು ಊರಲ್ಲಿಲ್ಲದ ದಿನ ಬೇರೊಬ್ಬರು ಅದನ್ನು ಓದಿ ಅರ್ಥ ಮಾಡಿಕೊಳ್ಳಬಹುದೇ ಎಂಬುದೇ ಆ ಪ್ರಶ್ನೆ.

ಪಠ್ಯ ಕಡತದ ದಾರಿಗೆ ಎಲ್ಲರೂ ಬಲ್ಲ ಮಾದರಿ ನ್ಯಾಗಿಯೋಸ್. ಈಥನ್ ಗಾಲ್‌ಸ್ಟಾಡ್ 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಹೊರತಂದ ಈ ತಂತ್ರಾಂಶ 2002ರಲ್ಲಿ ನ್ಯಾಗಿಯೋಸ್ ಆಯಿತು. ಅದಕ್ಕೂ ವೆಬ್ ಪುಟವಿದೆ, ಆದರೆ ಅದು ಸ್ಥಿತಿಗತಿಯನ್ನು ನೋಡುವುದಕ್ಕೆ. ಹೊಸ ರೂಟರನ್ನು ಸೇರಿಸಬೇಕೆಂದರೆ ಸರ್ವರ್‌ನಲ್ಲಿರುವ ಕಡತವನ್ನೇ ತೆರೆಯಬೇಕು. ‘ಡಿಫೈನ್ ಹೋಸ್ಟ್’ ಎಂದು ಬರೆದು ಆವರಣ ಚಿಹ್ನೆ ತೆರೆದು, ಒಳಗೆ ಸಾಲಿಗೊಂದರಂತೆ ವಿವರಗಳನ್ನು ಕೊಡಬೇಕು. ‘ಯೂಸ್’ ಎಂಬ ಸಾಲು ಯಾವ ಟೆಂಪ್ಲೇಟಿನ, ಎಂದರೆ ಮೊದಲೇ ಬರೆದಿಟ್ಟ ಅಚ್ಚಿನ, ಗುಣಗಳನ್ನು ಪಡೆಯಬೇಕೆಂದು ಹೇಳುತ್ತದೆ, ‘ಹೋಸ್ಟ್ ನೇಮ್’ ಉಪಕರಣದ ಹೆಸರನ್ನು, ‘ಅಡ್ರೆಸ್’ ಐಪಿ ವಿಳಾಸವನ್ನು, ‘ಪೇರೆಂಟ್ಸ್’ ಈ ಉಪಕರಣವನ್ನು ತಲುಪಲು ಯಾವುದರ ಮೂಲಕ ಹೋಗಬೇಕೆಂಬುದನ್ನು ಹೇಳುತ್ತದೆ. ಕೊನೆಗೆ ಆವರಣ ಮುಚ್ಚಬೇಕು. ಆಗುಂಬೆಯ ರೂಟರಿಗೆ ಇಂಥ ಏಳೆಂಟು ಸಾಲು ಸಾಕು. ಉಳಿದದ್ದನ್ನು ಟೆಂಪ್ಲೇಟು ತುಂಬಿಕೊಡುತ್ತದೆ.

ಈ ‘ಪೇರೆಂಟ್ಸ್’ ಎಂಬ ಒಂದೇ ಸಾಲನ್ನು ಹತ್ತಿರದಿಂದ ನೋಡಿದರೆ ಕಾನ್ಫಿಗರೇಶನ್ ಯಾಕೆ ಎಚ್ಚರದಿಂದ ಮಾಡಬೇಕಾದ ಕೆಲಸವೆಂಬುದು ತಿಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ, ತೀರ್ಥಹಳ್ಳಿಯಿಂದ ಆಗುಂಬೆಗೆ ಸಂಪರ್ಕ ಹೋಗುತ್ತದೆ. ಮಂಡಗದ್ದೆಯ ಹತ್ತಿರ ಮರ ಬಿದ್ದು ಕೇಬಲ್ ತುಂಡಾದರೆ ಶಿವಮೊಗ್ಗದ ಸರ್ವರ್‌ಗೆ ತೀರ್ಥಹಳ್ಳಿಯೂ ಕಾಣುವುದಿಲ್ಲ, ಆಗುಂಬೆಯೂ ಕಾಣುವುದಿಲ್ಲ. ಆಗುಂಬೆಯ ಪೇರೆಂಟ್ ತೀರ್ಥಹಳ್ಳಿ ಎಂದು ಬರೆದಿದ್ದರೆ ನ್ಯಾಗಿಯೋಸ್ ತೀರ್ಥಹಳ್ಳಿಯನ್ನು ‘ಡೌನ್’ ಎಂದೂ, ಆಗುಂಬೆಯನ್ನು ‘ಅನ್‌ರೀಚಬಲ್’ ಎಂದೂ ಬೇರೆ ಬೇರೆಯಾಗಿ ಗುರುತಿಸುತ್ತದೆ. ತಲುಪಲಾಗದ ಸ್ಥಿತಿಗೆ ಎಸ್‌ಎಂಎಸ್ ಬೇಡವೆಂದು ಹೇಳಿದ್ದರೆ ಒಂದೇ ಸಂದೇಶ ಬರುತ್ತದೆ, ಲೈನ್‌ಮನ್ ನೇರವಾಗಿ ಮಂಡಗದ್ದೆಯ ದಾರಿ ಹಿಡಿಯುತ್ತಾರೆ. ಆ ಸಾಲು ಇಲ್ಲದಿದ್ದರೆ ಆಗುಂಬೆಯೂ ಕೆಟ್ಟಿದೆಯೆಂಬ ಸಂದೇಶ ಬಂದು, ಘಾಟಿಯ ತುದಿಯವರೆಗೆ ಯಾರೋ ಸುಮ್ಮನೆ ಮಳೆಯಲ್ಲಿ ಹೋಗಿಬರಬೇಕಾಗುತ್ತದೆ. ಪಠ್ಯ ಕಡತದಲ್ಲಾದರೆ ಇಡೀ ಜಾಲದ ಪೇರೆಂಟ್ಸ್ ಸಾಲುಗಳನ್ನು ಕಡತಗಳಲ್ಲಿ ಪದ ಹುಡುಕುವ ಗ್ರೆಪ್ ಎಂಬ ಒಂದೇ ಆದೇಶದಿಂದ ಒಟ್ಟಿಗೆ ತೆಗೆದು, ಯಾವ ಶಾಖೆಗೆ ಬಿಟ್ಟುಹೋಗಿದೆಯೆಂದು ಅರೆಕ್ಷಣದಲ್ಲಿ ಕಂಡುಹಿಡಿಯಬಹುದು.

ಎಚ್ಚರಿಕೆಯ ಮಿತಿಗಳಿಗೂ ಇಷ್ಟೇ ಮಹತ್ವವಿದೆ. ನ್ಯಾಗಿಯೋಸ್ ಜೊತೆಗೇ ಬರುವ ಮಾದರಿ ಕಡತದಲ್ಲಿ ಪ್ಯಾಕೆಟ್ ಎಂಬ ಪುಟ್ಟ ಸಂದೇಶಗಳನ್ನು ಕಳುಹಿಸಿ ಉತ್ತರಕ್ಕೆ ಕಾಯುವ ಪಿಂಗ್ ಪರೀಕ್ಷೆಗೆ ಎರಡು ಮಿತಿಗಳನ್ನು ಕೊಟ್ಟಿದ್ದಾರೆ. ಹೋಗಿಬರುವ ಸರಾಸರಿ ಸಮಯ 100 ಮಿಲಿಸೆಕೆಂಡ್ ದಾಟಿದರೆ ಅಥವಾ ಶೇ. 20ರಷ್ಟು ಪ್ಯಾಕೆಟ್‌ಗಳು ಕಳೆದುಹೋದರೆ ಎಚ್ಚರಿಕೆ. 500 ಮಿಲಿಸೆಕೆಂಡ್ ಅಥವಾ ಶೇ. 60 ಆದರೆ ಅಪಾಯ. ಒಮ್ಮೆ ಉತ್ತರ ಬಾರದ ಮಾತ್ರಕ್ಕೆ ಅದು ಯಾರನ್ನೂ ಎಬ್ಬಿಸುವುದಿಲ್ಲ. ಮೊದಲ ವಿಫಲತೆಯನ್ನು ತಾತ್ಕಾಲಿಕವೆಂದು ಬಗೆದು ಮತ್ತೆ ಮತ್ತೆ ಪರೀಕ್ಷಿಸಿ, ನಿಗದಿತ ಸಲ ವಿಫಲವಾದ ಮೇಲಷ್ಟೇ ಖಚಿತವೆಂದು ಪರಿಗಣಿಸಿ ಸಂದೇಶ ಕಳುಹಿಸುತ್ತದೆ. ಲಿನಕ್ಸ್ ಸರ್ವರ್‌ಗಳಿಗೆ ಕೊಟ್ಟಿರುವ ಮಾದರಿ ಟೆಂಪ್ಲೇಟಿನಲ್ಲಿ 5 ನಿಮಿಷಕ್ಕೊಮ್ಮೆ ಪರೀಕ್ಷೆ, ವಿಫಲವಾದರೆ ನಿಮಿಷಕ್ಕೊಮ್ಮೆ ಮರುಪರೀಕ್ಷೆ, ಒಟ್ಟು 10 ಪ್ರಯತ್ನ ಎಂದಿದೆ. ಮಳೆಗಾಲದಲ್ಲಿ ಕರೆಂಟ್ ಬಂದು ಹೋಗಿ ಮಾಡುವಾಗ ರೂಟರ್ ಮೂರು ನಾಲ್ಕು ನಿಮಿಷ ಸತ್ತು ಮತ್ತೆ ಏಳುವುದು ಸಾಮಾನ್ಯವಾದ್ದರಿಂದ, ಇಂಥ ತಾಳ್ಮೆ ನಮ್ಮ ಕಡೆಯ ಶಾಖೆಗಳಿಗೆ ಬೇಕೇ ಬೇಕು. ಆದರೆ ಕೇಂದ್ರ ಕಚೇರಿಯ ಡೇಟಾಬೇಸ್ ಸರ್ವರ್‌ಗೆ ಅಷ್ಟು ಹೊತ್ತು ಕಾಯುವುದು ಸರಿಯಲ್ಲ. ಹಾಗಾಗಿ ಎಲ್ಲಕ್ಕೂ ಒಂದೇ ಅಳತೆ ಹೊಂದುವುದಿಲ್ಲ. ಜೂನ್‌ನಲ್ಲಿ ಸಡಿಲಿಸಿದ ಮಿತಿಯನ್ನು ಅಕ್ಟೋಬರ್‌ನಲ್ಲಿ ಬಿಗಿಗೊಳಿಸಲು ಯಾರಿಗಾದರೂ ನೆನಪಿರಬೇಕು.

ನೆನಪಿನ ಈ ಕೆಲಸದಲ್ಲಿ ಪಠ್ಯ ಕಡತಕ್ಕೆ ಸರಿಸಾಟಿ ಇಲ್ಲ. ಅಡಿಕೆ ಮಂಡಿಯ ಕಿರ್ದಿ ಪುಸ್ತಕದಲ್ಲಿ ತಪ್ಪಿದ ಅಂಕಿಯನ್ನು ಉಜ್ಜಿ ಅಳಿಸದೆ, ಗೀಟು ಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುವ ಹಾಗೆ, 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಗಿಟ್ ಎಂಬ ಸಾಧನ ಕಡತದ ಪ್ರತಿಯೊಂದು ಬದಲಾವಣೆಯನ್ನೂ ಹಳೆಯದರೊಂದಿಗೇ ಉಳಿಸಿಕೊಳ್ಳುತ್ತದೆ. ಯಾವ ಸಾಲನ್ನು ಯಾರು, ಯಾವತ್ತು ಬದಲಿಸಿದರು ಎಂಬುದಷ್ಟೇ ಅಲ್ಲದೆ, ಬದಲಿಸುವವರು ಕಾರಣ ಬರೆದಿದ್ದರೆ ಅದೂ ಜೊತೆಯಲ್ಲೇ ಇರುತ್ತದೆ. ‘ನಗರ ಶಾಖೆಗೆ ಬದಲಿ ವೈರ್‌ಲೆಸ್ ಸಂಪರ್ಕ ಕೊಟ್ಟಿರುವುದರಿಂದ ಮಿತಿಯನ್ನು 100ರಿಂದ 180ಕ್ಕೆ ಏರಿಸಿದೆ, ಫೈಬರ್ ಜೋಡಿಸಿದ ಮೇಲೆ ಇಳಿಸಬೇಕು’ ಎಂಬ ಒಂದು ವಾಕ್ಯ, ನಾಲ್ಕು ತಿಂಗಳ ನಂತರ ಅದೇ ಕುರ್ಚಿಯಲ್ಲಿ ಕೂರುವ ಹೊಸಬರಿಗೆ ಎಷ್ಟು ಉಪಕಾರ ಮಾಡುತ್ತದೆಂಬುದನ್ನು ಅನುಭವವಿದ್ದವರೇ ಬಲ್ಲರು. ನ್ಯಾಗಿಯೋಸ್ ಕಡತದಲ್ಲಿ ಹ್ಯಾಶ್ ಚಿಹ್ನೆಯಿಂದ ಆರಂಭವಾಗುವ ಸಾಲನ್ನು ತಂತ್ರಾಂಶ ಓದುವುದಿಲ್ಲ, ಅದು ಮನುಷ್ಯರಿಗಾಗಿ ಇರುವ ಜಾಗ. ಅಲ್ಲಿ ಕನ್ನಡದಲ್ಲೇ ಬರೆಯಬಹುದು. ಕೇಬಲ್ ಜಂಟಿ ಯಾವ ಕಂಬದಲ್ಲಿದೆ, ಯುಪಿಎಸ್ ಯಾವ ಬೀರುವಿನ ಹಿಂದಿದೆ, ಬೀಗದ ಕೈ ಯಾರ ಹತ್ತಿರ ಸಿಗುತ್ತದೆ ಎಂಬಂಥ, ಯಾವ ಫಾರಂನಲ್ಲೂ ಖಾನೆ ಇಲ್ಲದ ಮಾಹಿತಿಗೆ ಅದಕ್ಕಿಂತ ಒಳ್ಳೆಯ ಸ್ಥಳವನ್ನು ನಾನು ಕಂಡಿಲ್ಲ.

ಪಠ್ಯವೆಂದ ಮಾತ್ರಕ್ಕೆ ಎಲ್ಲವನ್ನೂ ಕೈಯಲ್ಲೇ ಬರೆಯಬೇಕೆಂದಿಲ್ಲ. ಟೋಬಿಯಾಸ್ ಒಟಿಕರ್ 1995ರಲ್ಲಿ ಬರೆದ, ಸಂಪರ್ಕಗಳಲ್ಲಿ ಹರಿಯುವ ಮಾಹಿತಿಯ ಪ್ರಮಾಣವನ್ನು ರೇಖಾಚಿತ್ರವಾಗಿ ತೋರಿಸುವ ಎಂಆರ್‌ಟಿಜಿಯ ಜೊತೆಗೆ ಬರುವ ಸಿಎಫ್‌ಜಿಮೇಕರ್ ಎಂಬ ಸಣ್ಣ ಸಾಧನ, ಉಪಕರಣಗಳಿಂದ ಮಾಹಿತಿ ಕೇಳಿ ಪಡೆಯುವ ಎಸ್‌ಎನ್‌ಎಂಪಿ ಎಂಬ ವಿಧಾನದ ಮೂಲಕ ರೂಟರನ್ನೇ ಕೇಳಿ ಅದರಲ್ಲಿರುವ ಪೋರ್ಟ್‌ಗಳಿಗೆಲ್ಲ ಕಡತವನ್ನು ತಾನೇ ಬರೆದುಕೊಡುತ್ತದೆ. ಐಸಿಂಗಾ ಇನ್ನೂ ಮುಂದೆ ಹೋಯಿತು. 2009ರಲ್ಲಿ ನ್ಯಾಗಿಯೋಸ್‌ನಿಂದ ಕವಲೊಡೆದ ಈ ಯೋಜನೆ, 2014ರಲ್ಲಿ ಬಂದ ಐಸಿಂಗಾ 2ರಲ್ಲಿ ‘ಅಪ್ಲೈ’ ನಿಯಮಗಳನ್ನು ತಂದಿತು. ಪ್ರತಿ ಉಪಕರಣಕ್ಕೂ ಪರೀಕ್ಷೆಗಳನ್ನು ಬೇರೆ ಬೇರೆಯಾಗಿ ಅಂಟಿಸುವ ಬದಲು, ‘ಸಂಪರ್ಕದ ಬಗೆ ವೈರ್‌ಲೆಸ್ ಎಂದಿರುವ ಎಲ್ಲ ಉಪಕರಣಗಳಿಗೂ ಈ ಸಡಿಲ ಮಿತಿಯ ಪರೀಕ್ಷೆ ಅನ್ವಯಿಸಲಿ’ ಎಂದು ಒಂದೇ ನಿಯಮ ಬರೆದರೆ ಸಾಕು. ಮರಗಳ ನಡುವೆ ಹಾದುಹೋಗುವ 5 ಗಿಗಾಹರ್ಟ್ಸ್ ವೈರ್‌ಲೆಸ್ ಸಂಪರ್ಕಗಳು ಎಲೆಗಳು ಒದ್ದೆಯಾದಾಗ ದುರ್ಬಲವಾಗುವುದರಿಂದ ಇಂಥ ನಿಯಮ ಮಲೆನಾಡಿಗೆ ಬಹಳ ಹೊಂದುತ್ತದೆ. ಹೊಸ ಶಾಖೆ ಸೇರಿಸುವವರು ಸಂಪರ್ಕದ ಬಗೆಯನ್ನು ಸರಿಯಾಗಿ ನಮೂದಿಸಿದರೆ ಉಳಿದದ್ದು ತಾನಾಗಿಯೇ ಆಗುತ್ತದೆ.

ಪಠ್ಯ ಕಡತದ ಕಷ್ಟಗಳನ್ನು ಮುಚ್ಚಿಡಬೇಕಾಗಿಲ್ಲ. ಒಂದು ಆವರಣ ಚಿಹ್ನೆ ಮುಚ್ಚಲು ಮರೆತರೆ ನ್ಯಾಗಿಯೋಸ್ ಹೊಸದಾಗಿ ಶುರುವಾಗುವುದೇ ಇಲ್ಲ, ಎಂದರೆ ನಿಗಾ ವ್ಯವಸ್ಥೆಯೇ ನಿಂತುಹೋಗುತ್ತದೆ. ಪ್ರೊಮಿಥಿಯಸ್‌ನಂತಹ ನಿಗಾ ತಂತ್ರಾಂಶಗಳು ಬಳಸುವ ಯಾಮಲ್ ಎಂಬ ಪಠ್ಯ ರೂಪದಲ್ಲಿ ಸಾಲು ಎಷ್ಟು ಒಳಕ್ಕೆ ಸರಿದಿದೆ ಎಂಬುದೇ ಅರ್ಥವನ್ನು ನಿರ್ಧರಿಸುತ್ತದೆ. ಒಳಸರಿಸಲು ಸ್ಪೇಸ್ ಬದಲು ಟ್ಯಾಬ್ ಒತ್ತಿದರೂ ಕಡತ ತಿರಸ್ಕೃತವಾಗುತ್ತದೆ. ಇದಕ್ಕೆ ಪರಿಹಾರವಿದೆ: ನ್ಯಾಗಿಯೋಸನ್ನು ‘ವಿ’ ಆಯ್ಕೆಯೊಂದಿಗೆ ಓಡಿಸಿದರೆ ಅದು ಕೆಲಸ ಆರಂಭಿಸದೆ ಕಡತಗಳನ್ನಷ್ಟೇ ಪರಿಶೀಲಿಸಿ ತಪ್ಪಿರುವ ಕಡತ ಮತ್ತು ಸಾಲಿನ ಸಂಖ್ಯೆಯನ್ನು ಹೇಳುತ್ತದೆ, ಪ್ರೊಮಿಥಿಯಸ್‌ಗೆ ಇದೇ ಕೆಲಸಕ್ಕೆ ಪ್ರಾಮ್‌ಟೂಲ್ ಎಂಬ ಸಾಧನವಿದೆ. ಆದರೆ ಈ ಪರಿಶೀಲನೆ ರೂಪದ ತಪ್ಪನ್ನು ಹಿಡಿಯುತ್ತದೆಯೇ ಹೊರತು ಅರ್ಥದ ತಪ್ಪನ್ನಲ್ಲ. ಸಾಗರದ ರೂಟರಿನ ವಿಳಾಸದಲ್ಲಿ 12 ಎಂದಿರಬೇಕಾದಲ್ಲಿ 21 ಎಂದು ಬರೆದರೆ ಎರಡೂ ಸರಿಯಾದ ರೂಪದ ವಿಳಾಸಗಳೇ. ಅದನ್ನು ಹಿಡಿಯಲು ಇನ್ನೊಬ್ಬರ ಕಣ್ಣು ಬೇಕು. ಬದಲಾದ ಸಾಲುಗಳನ್ನಷ್ಟೇ ಅಕ್ಕಪಕ್ಕದಲ್ಲಿಟ್ಟು ತೋರಿಸುವ ಗಿಟ್‌ನ ವ್ಯವಸ್ಥೆಯಿಂದ ಆ ಇನ್ನೊಬ್ಬರ ಕೆಲಸ ಹಗುರಾಗುತ್ತದೆ. ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗಿ ಕಡತ ತಿದ್ದುವ ರೂಢಿ ಇರುವವರೇ ಇಲ್ಲದ ಕಚೇರಿಯಲ್ಲಿ ಈ ಗುಣಗಳೆಲ್ಲ ಉಪಯೋಗಕ್ಕೆ ಬಾರದೆ ಹೋಗುತ್ತವೆ ಎಂಬುದೂ ನಿಜ.

ಇನ್ನೊಂದು ದಾರಿಯ ಪ್ರಮುಖ ಉದಾಹರಣೆ ಜ್ಯಾಬಿಕ್ಸ್. ಲಾಟ್ವಿಯಾದ ಅಲೆಕ್ಸೇಯ್ ವ್ಲಾಡಿಶೆವ್ ಆರಂಭಿಸಿದ ಈ ತಂತ್ರಾಂಶ 2001ರಲ್ಲಿ ಮೊದಲ ಬಾರಿಗೆ ಸಾರ್ವಜನಿಕರಿಗೆ ಸಿಕ್ಕಿತು. ಡೇಟಾಬೇಸ್ ಎಲ್ಲಿದೆ, ಅದರ ಪಾಸ್‌ವರ್ಡ್ ಏನು ಎಂಬಂಥ ಕೆಲವು ಮೂಲ ಸಂಗತಿಗಳನ್ನು ಬಿಟ್ಟರೆ ಉಳಿದೆಲ್ಲ ಕಾನ್ಫಿಗರೇಶನ್ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್‌ನಂತಹ ಡೇಟಾಬೇಸಿನಲ್ಲಿರುತ್ತದೆ, ಬದಲಿಸುವುದು ವೆಬ್ ಪರದೆಯಿಂದ. ಮೊದಲ ದಿನವೇ ಅದರ ಬಲ ಕಾಣುತ್ತದೆ. ಐಪಿ ವಿಳಾಸಗಳ ಒಂದು ವ್ಯಾಪ್ತಿಯನ್ನು ಕೊಟ್ಟರೆ ಅದರಲ್ಲಿ ಯಾವ ಯಾವ ಉಪಕರಣಗಳು ಉತ್ತರಿಸುತ್ತವೆಯೆಂದು ತಾನೇ ಹುಡುಕಿ, ನಾವು ಹೇಳಿಟ್ಟ ನಿಯಮದಂತೆ ಪಟ್ಟಿಗೆ ಸೇರಿಸಿ ಟೆಂಪ್ಲೇಟ್ ಅಂಟಿಸುತ್ತದೆ. ಒಂದು ಸ್ವಿಚ್‌ನಲ್ಲಿ 24 ಪೋರ್ಟ್‌ಗಳಿದ್ದರೆ ಅಷ್ಟನ್ನೂ ಎಸ್‌ಎನ್‌ಎಂಪಿ ಮೂಲಕ ಪತ್ತೆಹಚ್ಚಿ ಪ್ರತಿಯೊಂದಕ್ಕೂ ಅಳತೆ, ಮಿತಿ, ರೇಖಾಚಿತ್ರಗಳನ್ನು ತಯಾರಿಸುತ್ತದೆ. ಯಾವ ಖಾನೆಯಲ್ಲಿ ಏನು ತುಂಬಬಹುದೆಂಬುದು ಪರದೆಯ ಮೇಲೇ ಕಾಣುವುದರಿಂದ ಆವರಣ ಚಿಹ್ನೆ ಮರೆಯುವ ಪ್ರಶ್ನೆ ಏಳುವುದಿಲ್ಲ, ಮತ್ತು ಒಂದು ಫಾರಂನಲ್ಲಿ ತಪ್ಪಿದರೆ ಅದು ಮಾತ್ರ ತಪ್ಪುತ್ತದೆ, ಇಡೀ ವ್ಯವಸ್ಥೆ ನಿಲ್ಲುವುದಿಲ್ಲ.

ಒಂದೇ ತಿದ್ದುಪಡಿಯನ್ನು ನೂರು ಕಡೆ ಮಾಡಬೇಕಾದಾಗ ವೆಬ್ ಪರದೆ ಸೋಲುತ್ತದೆ ಎಂದು ಹೇಳುವವರಿದ್ದಾರೆ. ಟೆಂಪ್ಲೇಟ್‌ಗಳನ್ನು ಸರಿಯಾಗಿ ಕಟ್ಟಿದ್ದರೆ ಆ ಮಾತು ನಿಲ್ಲುವುದಿಲ್ಲ. ಪೋರ್ಟಿನಲ್ಲಿ ಹರಿದ ಮಾಹಿತಿಯನ್ನು ಎಣಿಸುವ ಹಳೆಯ ಎಸ್‌ಎನ್‌ಎಂಪಿ ಎಣಿಕೆ 32 ಬಿಟ್‌ನದು. ಅದು ಸುಮಾರು 429 ಕೋಟಿ ಬೈಟ್‌ಗಳಾದ ಮೇಲೆ ಸೊನ್ನೆಗೆ ಮರಳುತ್ತದೆ. ಸೆಕೆಂಡಿಗೆ 1 ಗಿಗಾಬಿಟ್ ಸಂಪರ್ಕ ಪೂರ್ತಿ ವೇಗದಲ್ಲಿ ಓಡಿದರೆ ಇದಕ್ಕೆ ಸುಮಾರು 34 ಸೆಕೆಂಡ್ ಸಾಕು. 5 ನಿಮಿಷಕ್ಕೊಮ್ಮೆ ಓದುವ ತಂತ್ರಾಂಶಕ್ಕೆ ನಡುವೆ ಅದು ಎಷ್ಟು ಸಲ ಸೊನ್ನೆಯಾಯಿತೆಂದು ತಿಳಿಯುವುದಿಲ್ಲ, ರೇಖಾಚಿತ್ರ ಸುಳ್ಳು ಹೇಳುತ್ತದೆ. ಫೈಬರ್ ಬಂದು ವೇಗ ಹೆಚ್ಚಿದ ಮೇಲೆ ಎಲ್ಲೆಡೆ 64 ಬಿಟ್ ಎಣಿಕೆಗೆ ಬದಲಾಗಬೇಕು. ಜ್ಯಾಬಿಕ್ಸ್‌ನಲ್ಲಿ ಟೆಂಪ್ಲೇಟಿನ ಒಂದು ಖಾನೆಯನ್ನು ತಿದ್ದಿದರೆ ಅದಕ್ಕೆ ಅಂಟಿಕೊಂಡಿರುವ ಎಲ್ಲ ಸ್ವಿಚ್‌ಗಳಿಗೂ ತಿದ್ದುಪಡಿ ತಲುಪುತ್ತದೆ. ಈ ವಿಷಯದಲ್ಲಿ ಎರಡೂ ಸಮ.

ವ್ಯತ್ಯಾಸ ಕಾಣುವುದು ವರ್ಷಗಳು ಕಳೆದ ಮೇಲೆ. ಜ್ಯಾಬಿಕ್ಸ್‌ನಲ್ಲಿ ಉಪಕರಣಕ್ಕೆ ನೇರವಾಗಿ ಪೇರೆಂಟ್ ಎಂದು ಹೇಳುವ ಏರ್ಪಾಡಿಲ್ಲ. ಮಿತಿ ದಾಟಿದಾಗ ತೊಂದರೆಯೆಂದು ಸಾರುವ ನಿಯಮಕ್ಕೆ ಅಲ್ಲಿ ಟ್ರಿಗರ್ ಎಂದು ಹೆಸರು. ಆಗುಂಬೆಯ ಟ್ರಿಗರ್ ತೀರ್ಥಹಳ್ಳಿಯ ಟ್ರಿಗರನ್ನು ಅವಲಂಬಿಸಿದೆ ಎಂದು ಟ್ರಿಗರ್‌ಗಳ ನಡುವೆ ಸಂಬಂಧ ಹೆಣೆಯಬೇಕು. ಅದನ್ನು ಒಂದೊಂದೇ ಟ್ರಿಗರ್‌ನ ಟ್ಯಾಬ್ ತೆರೆದು ಹೆಣೆದವರಿಗೆ ಇಡೀ ಚಿತ್ರ ತಲೆಯಲ್ಲಿರುತ್ತದೆ. ಅವರು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಬಂದವರು ಅದೇ ಚಿತ್ರವನ್ನು ಹತ್ತಾರು ಪರದೆಗಳಿಂದ ಮತ್ತೆ ಜೋಡಿಸಿಕೊಳ್ಳಬೇಕು. ಯಾರು ಯಾವಾಗ ಏನನ್ನು ಬದಲಿಸಿದರೆಂಬ ದಾಖಲೆಯನ್ನು ಜ್ಯಾಬಿಕ್ಸ್ ಕೂಡ ಇಡುತ್ತದೆ, ಆದರೆ ನಿಗದಿತ ಅವಧಿಯವರೆಗೆ ಮಾತ್ರ. ಯಾಕೆ ಬದಲಿಸಿದರೆಂದು ಅದು ಕೇಳುವುದಿಲ್ಲ. ಟೆಂಪ್ಲೇಟ್‌ಗಳನ್ನೂ ಉಪಕರಣಗಳ ವಿವರವನ್ನೂ ಯಾಮಲ್, ಎಕ್ಸ್‌ಎಂಎಲ್ ಅಥವಾ ಜೇಸನ್ ಎಂಬ ಪಠ್ಯ ರೂಪದಲ್ಲಿ ಹೊರತೆಗೆಯಬಹುದು, ಅದನ್ನು ಪ್ರತಿ ರಾತ್ರಿ ಗಿಟ್‌ಗೆ ಸೇರಿಸುವ ಸಣ್ಣ ಸ್ಕ್ರಿಪ್ಟನ್ನೂ ಬರೆಯಬಹುದು. ಜ್ಯಾಬಿಕ್ಸ್ ನಂಬಿರುವ ಪ್ರತಿಯೊಂದು ಕಚೇರಿಯೂ ಇದನ್ನು ಮಾಡಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಆದರೂ ಆ ಯಾಮಲ್ ಕಡತ ನೆರಳು ಮಾತ್ರ, ಮೂಲಪ್ರತಿ ಡೇಟಾಬೇಸಿನಲ್ಲೇ ಇರುತ್ತದೆ.

ಎರಡನ್ನೂ ಬೆಸೆಯುವ ಪ್ರಯತ್ನಗಳಲ್ಲಿ ನನಗೆ ಹೆಚ್ಚು ಸರಿಯೆನಿಸುವುದು ಚೆಕ್‌ಎಂಕೆ ಹಿಡಿದ ದಾರಿ. ಮ್ಯೂನಿಕ್‌ನ ಮಥಿಯಾಸ್ ಕೆಟ್ನರ್ 2008ರಲ್ಲಿ ಆರಂಭಿಸಿದ ಈ ತಂತ್ರಾಂಶದಲ್ಲಿ ವೆಬ್ ಪರದೆಯಿಂದ ಮಾಡಿದ ಬದಲಾವಣೆಗಳು ಕೊನೆಗೆ ಪಠ್ಯ ಕಡತಗಳಲ್ಲೇ ಬಂದು ಕೂರುತ್ತವೆ. ಬದಲಾವಣೆಗಳು ತಕ್ಷಣ ಜಾರಿಗೆ ಬರುವುದಿಲ್ಲ. ಬಾಕಿ ಇರುವವುಗಳ ಪಟ್ಟಿಯನ್ನು ನೋಡಿ, ಸರಿಯೆನಿಸಿದ ಮೇಲೆ ಒಟ್ಟಾಗಿ ಜಾರಿಗೊಳಿಸಬೇಕು. ಐಸಿಂಗಾದ ಡೈರೆಕ್ಟರ್ ಎಂಬ ಅಂಗವೂ ಪರದೆಯಲ್ಲಿ ತುಂಬಿದ್ದನ್ನು ಡೇಟಾಬೇಸಿನಲ್ಲಿಟ್ಟುಕೊಂಡು ಅದರಿಂದ ಐಸಿಂಗಾ ಕಡತಗಳನ್ನು ತಯಾರಿಸುತ್ತದೆ, ಬದಲಾವಣೆಗಳ ಇತಿಹಾಸವನ್ನೂ ತೋರಿಸುತ್ತದೆ. 2014ರಲ್ಲಿ ಬಂದ ಗ್ರಾಫಾನಾದಲ್ಲಿ ಡ್ಯಾಶ್‌ಬೋರ್ಡುಗಳನ್ನು, ಎಂದರೆ ಹಲವು ರೇಖಾಚಿತ್ರಗಳನ್ನು ಒಟ್ಟಿಗೆ ತೋರಿಸುವ ಪರದೆಗಳನ್ನು, ಮೌಸಿನಿಂದ ಎಳೆದು ಜೋಡಿಸಿ, ಕೊನೆಗೆ ಜೇಸನ್ ಕಡತವಾಗಿ ಹೊರತೆಗೆದು ಸರ್ವರ್‌ನಲ್ಲಿ ಇಡಬಹುದು. ಹಾಗೆ ಕಡತದಿಂದ ಬಂದ ಡ್ಯಾಶ್‌ಬೋರ್ಡನ್ನು ಬ್ರೌಸರ್‌ನಲ್ಲಿ ತಿದ್ದಿದರೆ, ಪ್ರತ್ಯೇಕವಾಗಿ ಅನುಮತಿ ಕೊಡದ ಹೊರತು ಉಳಿಸಲು ಅದು ಬಿಡುವುದಿಲ್ಲ. ಹೊಸಬರಿಗೆ ಇದು ಕಿರಿಕಿರಿಯೆನಿಸಿದರೂ ಮೂಲಪ್ರತಿ ಯಾವುದೆಂಬ ಗೊಂದಲವನ್ನು ತಪ್ಪಿಸುವ ವಿವೇಕದ ನಿರ್ಧಾರವದು. ಬೆಸುಗೆಯ ವ್ಯವಸ್ಥೆಗಳಲ್ಲಿ ನಿಜವಾದ ಅಪಾಯ ಆ ಗೊಂದಲವೇ: ತಂತ್ರಾಂಶ ತಯಾರಿಸಿದ ಕಡತವನ್ನು ಗಡಿಬಿಡಿಯಲ್ಲಿ ಕೈಯಿಂದ ತಿದ್ದಿದರೆ, ಮುಂದಿನ ಸಲ ಅದು ಕಡತವನ್ನು ಹೊಸದಾಗಿ ತಯಾರಿಸುವಾಗ ಆ ತಿದ್ದುಪಡಿ ಸದ್ದಿಲ್ಲದೆ ಅಳಿಸಿಹೋಗುತ್ತದೆ.

ಸೆಟ್ಟಿಂಗ್ ಬದಲಿಸುವುದು ಒಂದು ಕೆಲಸ, ದಿನನಿತ್ಯ ಜಾಲವನ್ನು ನೋಡಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ಪರದೆಗೆ ಬದಲಿಯಿಲ್ಲ. ಜಾಲದ ನಕ್ಷೆಯಲ್ಲಿ ಸಾಗರದಿಂದ ಆಚೆಯ ಗೆರೆಗಳು ಕೆಂಪಾದದ್ದನ್ನು ಒಂದು ನೋಟದಲ್ಲಿ ಗ್ರಹಿಸುವಷ್ಟು ಬೇಗ ಯಾವ ಪಠ್ಯವನ್ನೂ ಗ್ರಹಿಸಲಾಗದು. ‘ಈ ತೊಂದರೆ ನನಗೆ ಗೊತ್ತಾಗಿದೆ, ನೋಡುತ್ತಿದ್ದೇನೆ’ ಎಂದು ಗುರುತು ಹಾಕಿ ಉಳಿದವರಿಗೆ ಮತ್ತೆ ಮತ್ತೆ ಎಸ್‌ಎಂಎಸ್ ಹೋಗದಂತೆ ತಡೆಯುವುದು, ಕಂಬ ಬದಲಿಸುವ ನಾಲ್ಕು ಗಂಟೆ ನಿಗಾ ಸಂದೇಶ ಬೇಡವೆಂದು ಮೊದಲೇ ಹೇಳಿಡುವುದು, ಇವೆಲ್ಲ ಫೋನಿನಲ್ಲೇ ಆಗಬೇಕಾದ ಕೆಲಸಗಳು. ಆನಂದಪುರದ ರಸ್ತೆಬದಿಯಲ್ಲಿ ಕೊಡೆ ಹಿಡಿದು ನಿಂತವರು ಫೋನಿನ ಪುಟ್ಟ ಕೀಲಿಮಣೆಯಲ್ಲಿ ಆವರಣ ಚಿಹ್ನೆ ಹುಡುಕುವಂತಾಗಬಾರದು. ಯಾರಿಗೆ ಎಷ್ಟು ಅಧಿಕಾರ ಎಂಬುದರಲ್ಲೂ ಪರದೆ ಮುಂದಿದೆ. ಶಾಖೆಯ ಸಿಬ್ಬಂದಿಗೆ ತಮ್ಮ ಶಾಖೆಯನ್ನಷ್ಟೇ ನೋಡಲು, ತಂತ್ರಜ್ಞರಿಗೆ ಗುರುತು ಹಾಕಲು, ಒಬ್ಬಿಬ್ಬರಿಗೆ ಮಾತ್ರ ಬದಲಿಸಲು ಅವಕಾಶ ಕೊಡಬಹುದು. ಸರ್ವರ್‌ನಲ್ಲಿ ಕಡತ ತಿದ್ದುವ ಅಧಿಕಾರ ಕೊಟ್ಟರೆ ಇಷ್ಟು ಸೂಕ್ಷ್ಮವಾಗಿ ಹಂಚುವುದು ಕಷ್ಟ.

ನಾವು ಊಹಿಸಿಕೊಂಡ ಸಹಕಾರ ಸಂಘಕ್ಕೆ ನನ್ನ ಸಲಹೆ ಹೀಗಿರುತ್ತದೆ. ಲಿನಕ್ಸ್ ಬಲ್ಲವರು ಇಬ್ಬರಾದರೂ ಇದ್ದರೆ ಕಾನ್ಫಿಗರೇಶನ್ ಪಠ್ಯದಲ್ಲಿರಲಿ, ಐಸಿಂಗಾದ ವೆಬ್ ಪುಟವನ್ನು ನೋಡುವುದಕ್ಕೆ ಮತ್ತು ಗುರುತು ಹಾಕುವುದಕ್ಕೆ ಬಳಸಲಿ. ಒಬ್ಬರೇ ಇದ್ದು ಅವರೂ ಬೇರೆ ಕೆಲಸಗಳ ನಡುವೆ ಇದನ್ನು ಮಾಡುವವರಾದರೆ ಜ್ಯಾಬಿಕ್ಸ್ ಅಥವಾ ಚೆಕ್‌ಎಂಕೆ ಸರಿ. ಜ್ಯಾಬಿಕ್ಸ್ ಆದರೆ ಡೇಟಾಬೇಸಿನ ಪ್ರತಿಯೂ ಯಾಮಲ್ ಪ್ರತಿಯೂ ದಿನಾ ರಾತ್ರಿ ಬೇರೊಂದು ಊರಿನ ಯಂತ್ರಕ್ಕೆ ಹೋಗಬೇಕು. ಯಾವುದನ್ನು ಆರಿಸಿದರೂ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಒಂದು ಹಳೆಯ ಕಂಪ್ಯೂಟರಿನಲ್ಲಿ ಅದೇ ಆವೃತ್ತಿಯ ತಂತ್ರಾಂಶವನ್ನು ಹಾಕಿ, ಉಳಿಸಿಟ್ಟ ಪ್ರತಿಯಿಂದ ಇಡೀ ವ್ಯವಸ್ಥೆಯನ್ನು ಮತ್ತೆ ಎಬ್ಬಿಸಿ ನೋಡಬೇಕು. ಆಗ ಎಲ್ಲ ಶಾಖೆಗಳೂ ಪಟ್ಟಿಯಲ್ಲಿ ಬಂದಿವೆಯೇ, ಆಗುಂಬೆ ತೀರ್ಥಹಳ್ಳಿಯನ್ನು ಅವಲಂಬಿಸಿದೆಯೆಂಬ ಸಂಬಂಧ ಉಳಿದಿದೆಯೇ ಎಂದು ಪರಿಶೀಲಿಸಬೇಕು. ಎಸ್‌ಎನ್‌ಎಂಪಿ ಗುಪ್ತಪದವನ್ನೂ ಎಸ್‌ಎಂಎಸ್ ಕಳುಹಿಸುವ ಸೇವೆಯ ಕೀಲಿಯನ್ನೂ ಗಿಟ್‌ಗೆ ಸೇರಿಸಬಾರದು. ನ್ಯಾಗಿಯೋಸ್‌ನಲ್ಲಿ ಅಂಥವುಗಳಿಗೆಂದೇ ರಿಸೋರ್ಸ್ ಎಂಬ ಬೇರೆ ಕಡತವಿದೆ. ಗಿಟ್‌ನಿಂದ ಎಬ್ಬಿಸಿದ ಯಂತ್ರದಲ್ಲಿ ಅವೆರಡೂ ಇರುವುದಿಲ್ಲವಾದ್ದರಿಂದ, ಅವುಗಳ ಪ್ರತಿ ಕಚೇರಿಯ ತಿಜೋರಿಯಲ್ಲೋ ಬೇರೆ ಭದ್ರ ಜಾಗದಲ್ಲೋ ಇದೆಯೇ ಎಂಬುದನ್ನು ಅದೇ ದಿನ ತೆರೆದು ನೋಡಿಕೊಳ್ಳಬೇಕು.